ಮಣ್ಣೊಳಗೆ ಬಾಳುವ ಹೂಗಿಡ

ಮಾವಿನ ಕೊಂಬೆಯ ಮೇಲೆ ಬೆಳೆಯುವ ಬಂದಳಿಕೆಯನ್ನು ಕಾಣದವರು ನಮ್ಮಲ್ಲಿ ವಿರಳ. ಅದು ಮರದ ನೀರನ್ನೂ ಲವಣಗಳನ್ನೂ ಕದಿಯುತ್ತದೆ, ನಿಜ. ಆದರೆ ಅದಕ್ಕೆ ತನ್ನವೇ ಆದ ಹಸುರೆಲೆಗಳುಂಟು. ಬಿಸಿಲಿನ ನೆರವಿನಿಂದ ಅದು ಅಡಿಗೆಯನ್ನು ಮಟ್ಟಿಗೆ ತಾನೇ ಮಾಡಿಕೊಳ್ಳುತ್ತದೆ. ಇನ್ನು, ಎಲೆಯನ್ನೂ ಹಸುರನ್ನೂ ಬಿಸಿಲನ್ನೂ ತೊರೆದು, ಮಣ್ಣಿನೊಳಗೆ ಅಡಗಿ, ಸಂಪೂರ್ಣವಾಗಿ ಮತ್ತೊಂದು ಗಿಡದ ಬೇರನ್ನೇ ನಂಬಿ ಬಾಳುವ ಸಸ್ಯವೊಂದಿದ್ದರೆ, ಅದರಲ್ಲಿ ಸಸ್ಯತ್ವವೆಂಬುದು ಉಳಿಯುವುದೆಲ್ಲಿ? ಇದು ಕೇವಲ ಕಲ್ಪನೆಯ ಪ್ರಶ್ನೆಯಲ್ಲ. ಅಂತಹ ಸಸ್ಯ ಆಫ್ರಿಕಾ ಖಂಡದ ದಕ್ಷಿಣದ ಒಣನೆಲದಲ್ಲಿದೆ.

ಲಿನೀಯಸನ ಶಿಷ್ಯನೂ ಸ್ವೀಡನ್ ದೇಶದವನೂ ಆದ ಕಾರ್ಲ್ ಪೀಟರ್ ಥುನ್‌ಬರ್ಗನು ಆ ಸೀಮೆಯಲ್ಲಿ ಸಸ್ಯಗಳನ್ನು ಸಂಗ್ರಹಿಸುತ್ತ ಸಂಚರಿಸಿದನು. ಅಲ್ಲಿ ದೊರೆತ ಈ ವಿಚಿತ್ರ ವಸ್ತುವಿಗೆ 1775ರಲ್ಲಿ ಹಿಡ್ನೋರ ಆಫ್ರಿಕಾನ ಎಂದು ಹೆಸರಿಟ್ಟನು. ನೆಲದೊಳಗೆ ಬೆಳೆಯುವ ಒಂದು ಬಗೆಯ ಅಣಬೆಗೆ ಗ್ರೀಕರಲ್ಲಿದ್ದ ಹೆಸರೇ ಇದರ ಮೂಲ. ಥುನ್‌ಬರ್ಗನು ಅದನ್ನು ಅಣಬೆಯೆಂದೇ ಬಗೆದಿದ್ದನು. ಆತನನ್ನು ಹಳಿಯಲಾಗದು, ಕಣ್ಣಿಗೆ ಬಿದ್ದುದನ್ನು ಆತನು ನಂಬಿದನು, ಅಷ್ಟೆ.

ಇದರ ದೇಹವೆಂದರೆ ನೆಲದೊಳಗೆ ಹರಿಯುವ, ಮೈಯೆಲ್ಲ ಗಂಟುಗಂಟಾದ, ಕಂದುಬಣ್ಣದ ದಪ್ಪ ಕಾಂಡವೊಂದೇ. ಎಲೆಯಿಲ್ಲ; ಎಲೆಯ ಗುರುತಾಗಿ ಒಂದು ಹುರುಪೆಯೂ ಇಲ್ಲ. ಅದು ಕಳ್ಳಿಯ ಜಾತಿಯ ಗಿಡಗಳ ಬೇರುಗಳನ್ನು ಹಿಡಿದು, ಅವುಗಳಿಂದಲೇ ನೀರನ್ನೂ ಆಹಾರವನ್ನೂ ಹೀರುತ್ತದೆ. ಇದರ ಬಂಧುವಾದ ಹಿಡ್ನೋರ ವಿಸ್ಸೆರಿ ಎಂಬುದರ ಜೀವಕೋಶಗಳನ್ನು ಪರಿಶೋಧಿಸಿದ ವಿಜ್ಞಾನಿಗಳು 2016ರಲ್ಲಿ ಒಂದು ಕುತೂಹಲದ ಸಂಗತಿಯನ್ನು ಪ್ರಕಟಿಸಿದರು. ಹಸುರು ಸಸ್ಯಗಳಲ್ಲಿ ಬಿಸಿಲಿನಿಂದ ಆಹಾರ ತಯಾರಿಸುವ ಕಣಗಳಿಗೆ ತಮ್ಮದೇ ಆದ ಆನುವಂಶಿಕ ಲಿಪಿಯುಂಟು; ಅದರಲ್ಲಿ ಸಾಮಾನ್ಯವಾಗಿ ಸುಮಾರು 1,50,000 ಅಕ್ಷರಗಳೂ ನೂರಕ್ಕೆ ಮಿಕ್ಕ ಜೀನುಗಳೂ ಇರುತ್ತವೆ. ಈ ಸಸ್ಯದಲ್ಲಿ ಉಳಿದಿರುವುದು ಸುಮಾರು 27,000 ಅಕ್ಷರ, 24 ಜೀನು ಮಾತ್ರ. ಒಲೆಯನ್ನು ಹಚ್ಚದ ಮನೆಯಲ್ಲಿ ಪಾತ್ರೆಗಳು ಒಂದೊಂದಾಗಿ ಕಳೆದುಹೋದಂತೆ ಆಗಿದೆ.

ಇಷ್ಟನ್ನು ಕಳೆದುಕೊಂಡರೂ ಅದು ಕೈಬಿಡದ ವಸ್ತುವೊಂದಿದೆ, ಅದೇ ಹೂವು. ಹಿಡ್ನೋರ ಆಫ್ರಿಕಾನದ ಮೊಗ್ಗು ಮಣ್ಣನ್ನು ಸೀಳಿಕೊಂಡು ಮೇಲೆ ಬರುತ್ತದೆ. ಸಾಮಾನ್ಯವಾಗಿ ಮೂರಾಗಿರುವ ದಪ್ಪ ದಳಗಳು ಒಳಗೆ ಕಿತ್ತಳೆಯ ಕೆಂಪು. ಮೊದಲಲ್ಲಿ ಅವುಗಳ ತುದಿಗಳು ಕೂಡಿಕೊಂಡಿದ್ದು, ನಡುವೆ ಸಂದುಗಳಿರುತ್ತವೆ. ಹೂವಿನಿಂದ ಕೊಳೆತ ಮಾಂಸದ ದುರ್ಗಂಧ ಹೊರಡುತ್ತದೆ. ಸತ್ತ ಪ್ರಾಣಿಗಳ ತೊಗಲನ್ನು ತಿನ್ನುವ ದುಂಬಿಗಳು ಮೋಸಹೋಗಿ, ಆ ಸಂದುಗಳಲ್ಲಿ ನುಸುಳಿ, ಕೆಳಗಿನ ಕೋಣೆಗೆ ಬೀಳುತ್ತವೆ. ಗೋಡೆ ನುಣುಪು, ಏರಿಬರಲಾರವು. ಮತ್ತೊಂದು ಹೂವಿನಿಂದ ತಂದ ಪರಾಗ ಅಲ್ಲಿರುವ ಶಲಾಕಾಗ್ರಕ್ಕೆ ತಗಲುತ್ತದೆ. ಬಳಿಕ ಈ ಹೂವಿನ ಕೇಸರಗಳು ಬಿರಿದು, ಸೆರೆಯಾಳುಗಳ ಮೈಗೆಲ್ಲ ಹೊಸ ಪರಾಗ ಹತ್ತಿದ ಮೇಲೆ ಬಿಡುಗಡೆಯಾಗುತ್ತದೆ. ಹಿಡ್ನೋರ ಟ್ರೈಸೆಪ್ಸ್ ಎಂಬ ಜಾತಿಯಾದರೋ ಹೂವನ್ನು ಸಹ ನೆಲದೊಳಗೇ ಅರಳಿಸುತ್ತದೆ. ಬೆಳಕನ್ನು ತೊರೆಯಿತು, ಹೂವನ್ನು ತೊರೆಯಲಿಲ್ಲ.

ಹಣ್ಣು ಬಲಿಯುವುದೂ ನೆಲದೊಳಗೆ. ನರಿ, ಮುಳ್ಳುಹಂದಿ, ಬಬೂನ್ ಕೋತಿ ಇವೆಲ್ಲ ಅದನ್ನು ಅಗೆದು ತಿನ್ನುತ್ತವೆ. ಅಲ್ಲಿನ ಜನರೂ ತಿನ್ನುತ್ತಾರೆ. ಆಫ್ರಿಕಾನ್ಸ್ ಭಾಷೆಯಲ್ಲಿ ಇದಕ್ಕೆ ನರಿಯ ಆಹಾರವೆಂದೇ ಹೆಸರು. ಒಂದು ಹಣ್ಣಿನಲ್ಲಿ ಸಾವಿರಗಟ್ಟಲೆ ಬೀಜಗಳು. ಏಕೆ ಇಷ್ಟು? ಒಗ್ಗುವ ಗಿಡದ ಬೇರಿನ ಬಳಿ ಬಿದ್ದ ಬೀಜಕ್ಕೆ ಮಾತ್ರ ಬದುಕುಂಟು, ಉಳಿದುದೆಲ್ಲ ವ್ಯರ್ಥ. ಕುಳಿತು ಉಣ್ಣುವವನ ಬಾಳು ಸುಖದ್ದೆಂದು ನಾವು ತಿಳಿಯುತ್ತೇವೆ. ಪರಾವಲಂಬನಕ್ಕೆ ತೆರಬೇಕಾದ ಬೆಲೆಯನ್ನು ಈ ಬೀಜಗಳ ಲೆಕ್ಕ ಹೇಳುತ್ತದೆ. ಆಶ್ರಯಕೊಟ್ಟ ಗಿಡ ಅಳಿದಲ್ಲಿ ಆಶ್ರಿತನಿಗೂ ನೆಲೆಯಿಲ್ಲ.

ಈ ಸಸ್ಯದ ಕುಲವಾವುದು? ಹಿಡ್ನೋರವನ್ನೂ ಅಮೆರಿಕ ಖಂಡದ ಪ್ರೊಸೊಪಾಂಕೆಯನ್ನೂ ಸೇರಿಸಿ ವಿಜ್ಞಾನಿಗಳು ಬಹುಕಾಲ ಒಂದು ಪ್ರತ್ಯೇಕ ಕುಟುಂಬವಾಗಿ ಎಣಿಸಿದ್ದರು. ಆನುವಂಶಿಕ ಲಿಪಿಯನ್ನು ಓದಿ ನೋಡಿದ ಮೇಲೆ, ಅವು ನಮ್ಮ ಈಶ್ವರಿ ಬಳ್ಳಿಯ ಬಂಧುಗಳೆಂದು ಸ್ಪಷ್ಟವಾಯಿತು. 2016ರ ವರ್ಗೀಕರಣದಲ್ಲಿ ಅವನ್ನು ಆ ಬಳ್ಳಿಯ ಕುಟುಂಬದಲ್ಲಿಯೇ ಸೇರಿಸಿದರು. ಈಶ್ವರಿ ಬಳ್ಳಿಯ ಹೂವೂ ಕೀಟಗಳನ್ನು ಕೆಲಕಾಲ ಸೆರೆಹಿಡಿದು ಬಿಡುವಂಥದೇ. ಆ ಕುಟುಂಬಕ್ಕೆ ಸಮೀಪದ ನೆಂಟಸ್ತನವುಳ್ಳವು ಕರಿಮೆಣಸು ಮತ್ತು ವೀಳ್ಯದೆಲೆ.

ಊಟವಾದ ಮೇಲೆ ತಾಂಬೂಲವನ್ನು ಕೈಗೆತ್ತಿಕೊಳ್ಳುವ ಶ್ರೋತೃಗಳು ಇದನ್ನೊಮ್ಮೆ ನೆನೆಯಬಹುದು. ಎಲೆಗಾಗಿಯೇ ನಾವು ಬೆಳೆಸುವ ಬಳ್ಳಿಗೂ, ಒಂದೆಲೆಯೂ ಇಲ್ಲದೆ ಕತ್ತಲಲ್ಲಿ ಬಾಳುವ ಈ ಗಿಡಕ್ಕೂ ಪೂರ್ವಿಕರು ಒಬ್ಬರೇ. ಹೊರರೂಪವನ್ನು ನೋಡಿ ಅಣಬೆಯೆಂದವರಿಗೆ ಈ ನಂಟು ತಿಳಿಯಲಿಲ್ಲ. ಹೂವನ್ನು ಬಿಡಿಸಿ ನೋಡಿದವರಿಗೆ ಅದರ ಮೊದಲ ಸುಳಿವು ಸಿಕ್ಕಿತು.