ಕೊರಳು ಯಾರದ್ದೋ, ರಾಗ ನಮ್ಮ ಬೆಂಗಳೂರಿನವನದ್ದು!

1980ರಲ್ಲಿ ‘ಕುರ್ಬಾನಿ’ ತೆರೆಗೆ ಬಂತು. ‘ಆಪ್ ಜೈಸಾ ಕೋಯಿ’ ಹಾಡಿಗೆ ಕುಣಿದವಳು ಜೀನತ್ ಅಮಾನ್. ಇದು ಎಲ್ಲರಿಗೂ ಗೊತ್ತು. ಹಾಡಿದವಳು ನಾಜಿಯಾ ಹಸನ್. ಇದು ಬಲ್ಲವರಿಗೆ ಗೊತ್ತು. ರಾಗ ಹಾಕಿದವರು ಯಾರು? ಕೇಳಿ ನೋಡಿ. “ಕಲ್ಯಾಣ್‌ಜಿ-ಆನಂದ್‌ಜಿ ಅಲ್ವೇನ್ರೀ?” ಅನ್ನುವವರೇ ಬಹಳ!

ಅಲ್ಲ ಸ್ವಾಮಿ. ಚಿತ್ರದ ಉಳಿದ ಹಾಡುಗಳು ಅವರವೇ. ಇದೊಂದು ಮಾತ್ರ ಬಿದ್ದು ಎಂಬಾತನದು. ಪೂರ್ತಿ ಹೆಸರು ಬಿದ್ದು ಅಪ್ಪಯ್ಯ. ಮನೆತನ ಕೊಡಗಿನದು, ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ!

ಹೋಟೆಲೇ ಪಾಠಶಾಲೆ

ಪಾಶ್ಚಾತ್ಯ ಹಾಡು ಕೇಳಬೇಕೆಂದರೆ ಆಗ ರೇಡಿಯೋ ಸಿಲೋನೇ ಗತಿ. ಅದನ್ನು ಕೇಳಿ ಕೇಳಿ ಹುಚ್ಚು ಹಿಡಿದ ಹುಡುಗ ಗಿಟಾರ್ ಎತ್ತಿಕೊಂಡ. ಸ್ನೇಹಿತರನ್ನು ಸೇರಿಸಿಕೊಂಡು ‘ಟ್ರೋಜನ್ಸ್’ ಎಂಬ ತಂಡ ಕಟ್ಟಿದ. ಅದು ಅರವತ್ತರ ದಶಕ. ಬೀಟಲ್ಸ್, ರೋಲಿಂಗ್ ಸ್ಟೋನ್ಸ್, ಟ್ರಿನಿ ಲೋಪೆಜ್ ಹಾಡುಗಳನ್ನು ಬೆಂಗಳೂರಿನ ಕ್ಲಬ್ಬು, ಬಾರುಗಳಲ್ಲಿ ಹಾಡಿದರು. ಆಮೇಲೆ ಕಲ್ಕತ್ತೆಯ ಪಾರ್ಕ್ ಸ್ಟ್ರೀಟಿನ ಟ್ರಿಂಕಾಸ್ ಹೋಟೆಲು, ಅಲ್ಲಿಂದ ಬೊಂಬಾಯಿ.

ಹೋಟೆಲಿನಲ್ಲಿ ಹಾಡುವುದು ಸುಲಭ ಅಂತೀರಾ? ಕೂತವರ ಗಮನ ತಟ್ಟೆಯ ಮೇಲೆ, ಲೋಟದ ಮೇಲೆ. ಮೊದಲ ಸಾಲಿಗೇ ಅವರ ಕಾಲು ತಾಳ ಹಾಕದಿದ್ದರೆ ಹಾಡು ಕೆಟ್ಟಂತೆಯೇ! ಈ ಪಾಠವನ್ನು ಯಾವ ಕಾಲೇಜೂ ಕಲಿಸುವುದಿಲ್ಲ. (ನಾನೂ ಪಿಯುಸಿ ಬಿಟ್ಟವನೇ, ಅದಕ್ಕೇ ಇಷ್ಟು ಧೈರ್ಯ!)

ಒಂಟಿ ಟ್ರೋಜನ್

ತಂಡ ಚದುರಿತು. ‘ಲೋನ್ ಟ್ರೋಜನ್’, ಅಂದರೆ ಒಂಟಿ ಟ್ರೋಜನ್ ಎಂದು ಹೆಸರಿಟ್ಟುಕೊಂಡು ಬಿದ್ದು ಒಬ್ಬನೇ ಹಾಡಿದ. 1967ರಲ್ಲಿ ದೇಶ ಬಿಟ್ಟು, ಮಧ್ಯಪ್ರಾಚ್ಯದ ಹಾದಿಯಲ್ಲಿ ಹಾಡುತ್ತಾ ಲಂಡನ್ ಸೇರಿದ. ಅಲ್ಲಿ ಅವನನ್ನು ಕಾಯುತ್ತಿದ್ದದ್ದು ಮೈಕಲ್ಲ, ಒಲೆ! ಅಮೆರಿಕದ ರಾಯಭಾರ ಕಚೇರಿಯಲ್ಲಿ ಅಡುಗೆ ಕೆಲಸ ಮಾಡಿ ಕಾಸು ಕೂಡಿಸಿ ಸ್ಟುಡಿಯೋ ಬಾಡಿಗೆಗೆ ಹಿಡಿದ. ತಾನೇ ಹಾಡಿದ ತಟ್ಟೆಗಳು ಓಡಲಿಲ್ಲ. ಹಾಡುಗಾರನಾಗಲು ಮನೆ ಬಿಟ್ಟವನಿಗೆ ಇದಕ್ಕಿಂತ ಪೆಟ್ಟು ಬೇಕೆ? ಆದರೆ ಹೆಸರು ಬಿದ್ದು ಅಂತಿದ್ದರೂ ಆಸಾಮಿ ಬಿದ್ದೇ ಇರಲಿಲ್ಲ. ಮೈಕ್ ಬೇರೆಯವರಿಗೆ ಕೊಟ್ಟು ತಾನು ಹಿಂದೆ ನಿಂತ.

ಹತ್ತು ನಿಮಿಷದ ಪವಾಡ

1974. ಜಮೈಕಾದಲ್ಲಿ ಹುಟ್ಟಿದ ಗಾಯಕ ಕಾರ್ಲ್ ಡಗ್ಲಸ್‌ಗಾಗಿ ಸ್ಟುಡಿಯೋದಲ್ಲಿ ಇದ್ದದ್ದು ಮೂರೇ ಗಂಟೆ. ಮುಖ್ಯ ಹಾಡಿಗೇ ಹೊತ್ತೆಲ್ಲ ಹೋಯಿತು. ತಟ್ಟೆಯ ಹಿಂಬದಿಗೂ ಒಂದು ಹಾಡು ಬೇಕಲ್ಲ? ಡಗ್ಲಸ್ ಬರೆದು ತಂದಿದ್ದ ಸಾಹಿತ್ಯದಲ್ಲಿ ಒಂದನ್ನು ಆರಿಸಿ, ಬಿದ್ದು ಅಲ್ಲೇ ರಾಗ ಕೂಡಿಸಿದ. ಉಳಿದಿದ್ದ ಹತ್ತು ನಿಮಿಷದಲ್ಲಿ, ಎರಡೇ ಟೇಕಿನಲ್ಲಿ ಮುಗಿಸಿದರು. ಕಂಪನಿಯವರು ಕೇಳಿದವರೇ ಹಿಂಬದಿಯ ಹಾಡನ್ನು ಮುಂದಕ್ಕೆ ತಂದರು. ಅದೇ ‘ಕುಂಗ್ ಫು ಫೈಟಿಂಗ್’! ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಒಂದನೇ ಸ್ಥಾನ. ಹತ್ತು ನಿಮಿಷದ್ದು ಅಂತ ಜನ ಬೆರಗಾಗುತ್ತಾರೆ. ಹಿಂದಿದ್ದ ಹೋಟೆಲಿನ ರಾತ್ರಿಗಳನ್ನು ಲೆಕ್ಕ ಇಟ್ಟವರು ಯಾರು?

1976ರಲ್ಲಿ ಟೀನಾ ಚಾರ್ಲ್ಸ್ ಹಾಡಿದ ‘ಐ ಲವ್ ಟು ಲವ್’ ಇಂಗ್ಲೆಂಡಿನಲ್ಲಿ ಮತ್ತೆ ಒಂದನೇ ಸ್ಥಾನಕ್ಕೇರಿತು. ಆಮೇಲೆ ಫಿರೋಜ್ ಖಾನ್ ಬಂದು ಒಂದೇ ಒಂದು ಹಾಡು ಕೇಳಿದ. ಆತನೂ ಬೆಂಗಳೂರಿನಲ್ಲಿ ಹುಟ್ಟಿದವನೇ! ಲಂಡನ್ನಿನಲ್ಲಿದ್ದ ಪಾಕಿಸ್ತಾನದ ಹದಿನೈದರ ಹುಡುಗಿ ನಾಜಿಯಾಳಿಂದ ಹಾಡಿಸಿದರು. 1981ರ ಫಿಲಂಫೇರ್ ಪ್ರಶಸ್ತಿ ಆಕೆಯ ಕೈಗೆ ಬಂತು. 1995ರಲ್ಲಿ ‘ಮೇಡ್ ಇನ್ ಇಂಡಿಯಾ’ ಮನೆಮಾತಾಯಿತು. ಮೆರೆದವಳು ಅಲೀಶಾ ಚಿನಾಯ್, ರಾಗ ಮತ್ತೆ ಇವನದೇ.

ಸ್ವಂತ ಕೊರಳು ಗೆಲ್ಲಲಿಲ್ಲ. ಗೆದ್ದದ್ದು ಕಿವಿ, ಬೆಂಗಳೂರಿನ ಕ್ಲಬ್ಬುಗಳಲ್ಲಿ ಪಳಗಿದ ಕಿವಿ. ಮುಂದಿನ ಸಲ ಬಸ್ಸಿನಲ್ಲಿ ‘ಆಪ್ ಜೈಸಾ ಕೋಯಿ’ ಕೇಳಿಬಂದರೆ ಪಕ್ಕದ ಸೀಟಿನವರಿಗೆ ಒಂದು ಮಾತು ಹೇಳಿ: “ಈ ರಾಗ ನಮ್ಮೂರ ಹುಡುಗನದ್ದು ಕಣ್ರೀ!”