ಪೆಟ್ಲಿನ ಲೆಕ್ಕ, ಮಗ್ಗದ ಗಾಳಿ

ಬಿದಿರಿನ ಸಣ್ಣ ಕೊಳವೆಯಿಂದ ಮಕ್ಕಳು ಮಾಡುವ ಪೆಟ್ಲು ವಾಚಕರಲ್ಲಿ ಹಲವರ ಕೈಯಾಡಿದ ಆಟಿಕೆಯೇ. ಕೊಳವೆಯ ಎರಡು ತುದಿಗೂ ಒಂದೊಂದು ಹಸಿಕಾಯಿ ತುರುಕಿ, ಹಿಂದಿನದನ್ನು ಕಡ್ಡಿಯಿಂದ ನೂಕಿದರೆ ನಡುವಣ ಗಾಳಿ ಒತ್ತಿಕೊಂಡು ಮುಂದಿನ ಕಾಯಿ ಪಟ್ ಎಂದು ಹಾರುತ್ತದೆ. ಈಗ ಪೇಟೆಯಲ್ಲಿ ಸಿಗುವ, ಸ್ಪಂಜಿನ ಗುಂಡು ಹಾರಿಸುವ ಪ್ಲಾಸ್ಟಿಕ್ ಬಂದೂಕುಗಳಲ್ಲಿ ಅನೇಕವು ಇದೇ ಗಾಳಿಯ ಬಲದಿಂದ ನಡೆಯುವಂಥವು. ಅಲ್ಲಿ ಕಡ್ಡಿಯ ಬದಲು ಸ್ಪ್ರಿಂಗು ಪಿಸ್ಟನ್ನನ್ನು ನೂಕುತ್ತದೆ, ಅಷ್ಟೆ.

ಇಂಥ ಬಂದೂಕನ್ನು ತಯಾರಿಸುವ ಮೊದಲೇ ಅದರ ಗುಂಡು ಎಷ್ಟು ವೇಗದಿಂದ ಹೋದೀತು ಎಂದು ಗಣಕಯಂತ್ರದಲ್ಲಿ ಲೆಕ್ಕ ಹಾಕಿ ನೋಡಬಹುದು. ಆ ಲೆಕ್ಕವನ್ನು ಎಷ್ಟು ನಂಬಬೇಕು? ಇದು ಮಗುವಿನ ಕಣ್ಣಿಗೆ ಸಂಬಂಧಿಸಿದ ಪ್ರಶ್ನೆ. ವೇಗ ಇಮ್ಮಡಿಯಾದರೆ ಗುಂಡಿನ ಶಕ್ತಿ ನಾಲ್ಮಡಿಯಾಗುತ್ತದೆ. ಆದುದರಿಂದ ಲೆಕ್ಕ ಸ್ವಲ್ಪ ಕಡಿಮೆ ಹೇಳಿದರೂ ಪೆಟ್ಟು ಬಹಳ ಹೆಚ್ಚು. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಯಿತು. ಕೊಳ್ಳುವವರು ಅದನ್ನು ನೋಡಿಯೇ ಕೊಳ್ಳಬೇಕು.

ಪೆಟ್ಲನ್ನೇ ತೆಗೆದುಕೊಳ್ಳೋಣ. ಕೊಳವೆಯ ಒಳಗಿನ ಅಗಲ 8 ಮಿಲಿಮೀಟರ್ ಎಂದರೆ ತೂತಿನ ಕ್ಷೇತ್ರಫಲ ಸುಮಾರು ಅರ್ಧ ಚದರ ಸೆಂಟಿಮೀಟರ್. 20 ಸೆಂಟಿಮೀಟರ್ ಉದ್ದದ ಗಾಳಿಯನ್ನು 10ಕ್ಕೆ ಇಳಿಸಿದರೆ, ಬಾಯ್ಲನ ನಿಯಮದಂತೆ ಒತ್ತಡ ಇಮ್ಮಡಿ. ಮುಂದಿನ ಕಾಯಿಯ ಮೇಲೆ ಬೀಳುವ ನೂಕು ಸುಮಾರು ಅರ್ಧ ಕಿಲೋ ತೂಕದಷ್ಟು. ಆದರೆ ಮಕ್ಕಳು ನೂಕುವುದು ರಭಸದಿಂದ. ಸೈಕಲ್ ಪಂಪಿನ ತುದಿ ಬಿಸಿಯಾಗುವಂತೆ ಇಲ್ಲಿಯೂ ಗಾಳಿ ಬಿಸಿಯಾಗುತ್ತದೆ. ಆ ಬಿಸಿ ಹೊರಗೆ ಹೋಗಲು ವೇಳೆಯೇ ಇಲ್ಲದಿದ್ದರೆ ಒತ್ತಡ ಎರಡು ಪಟ್ಟಲ್ಲ, ಸುಮಾರು 2.6 ಪಟ್ಟು. ಅತ್ತ ಕಾಯಿಯ ಬದಿಯಿಂದ ಗಾಳಿ ಸೋರಿದರೆ ಅಷ್ಟು ಕಡಿಮೆ. ಯಾವ ಲೆಕ್ಕ ಸರಿಯೆಂದು ಕಾಗದ ಹೇಳಲಾರದು.

ಅಳೆಯುವುದು ಕಷ್ಟವೇನಲ್ಲ. ನೆಲದಿಂದ 1.25 ಮೀಟರ್ ಎತ್ತರದಲ್ಲಿ ಪೆಟ್ಲನ್ನು ಅಡ್ಡವಾಗಿ ಕಟ್ಟಿ ಹಾರಿಸಬೇಕು. ಅಷ್ಟೆತ್ತರದಿಂದ ಕಾಯಿ ನೆಲ ಮುಟ್ಟಲು ಅರ್ಧ ಸೆಕೆಂಡು ಬೇಕು. 5 ಮೀಟರ್ ದೂರ ಬಿದ್ದರೆ ವೇಗ ಸೆಕೆಂಡಿಗೆ 10 ಮೀಟರ್. ಗಾಳಿಯ ತಡೆ ಇರುವುದರಿಂದ ಹೊರಡುವಾಗಿನ ವೇಗ ಇದಕ್ಕಿಂತ ತುಸು ಹೆಚ್ಚೇ ಇರುತ್ತದೆ. ಅಳತೆಗೂ ಅದರದೇ ಲೋಪವಿದೆ ಎಂಬುದನ್ನು ಮರೆಯುವಂತಿಲ್ಲ.

ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ಪಟ್ಟಿ ಈ ವಿಷಯದಲ್ಲಿ ಇಂದಿಗೂ ಮೇಲ್ಪಂಕ್ತಿ. ಬಾಗಿದ ಗಾಜಿನ ಕೊಳವೆಗೆ ಪಾದರಸ ಸುರಿದು ಅವನು ಗಾಳಿಯನ್ನು ಒತ್ತಿದ. ಅಳೆದ ಒತ್ತಡ ಒಂದು ಸಾಲಿನಲ್ಲಿ, ನಿಯಮದಂತೆ ಇರಬೇಕಾದ ಒತ್ತಡ ಪಕ್ಕದ ಸಾಲಿನಲ್ಲಿ. ಗಾಳಿ 48 ಗೆರೆಯಿಂದ 12 ಗೆರೆಗೆ ಕುಗ್ಗಿದಾಗ 116½ ಇಂಚು ಪಾದರಸ ಬರಬೇಕಿತ್ತು. ಬಂದದ್ದು 117 ಇಂಚು ಮತ್ತು ಹದಿನಾರರಲ್ಲಿ ಒಂಬತ್ತು ಪಾಲು. ಎರಡನ್ನೂ ಹಾಗೆಯೇ ಅಚ್ಚು ಹಾಕಿಸಿದ. ನಮ್ಮ ಶಾಲೆಗಳ ಪ್ರಯೋಗದ ಪುಸ್ತಕಗಳಲ್ಲಿ ಈ ಎರಡು ಸಾಲುಗಳು ಚಾಚೂ ತಪ್ಪದೆ ಒಂದೇ ಆಗಿರುವುದನ್ನು ಕಾಣುವಾಗ ನನಗೆ ಸಂತೋಷಕ್ಕಿಂತ ಸಂಶಯವೇ ಹೆಚ್ಚು.

ಇದೇ ಗಾಳಿಯ ಲೆಕ್ಕದಿಂದ ಹೊಟ್ಟೆ ಹೊರೆಯುವ ಊರೊಂದಿದೆ: ಕೊಲ್ಲಾಪುರ ಜಿಲ್ಲೆಯ ಇಚಲಕರಂಜಿ. 1904ರಲ್ಲಿ ಅಲ್ಲಿಗೆ ಮೊದಲ ಯಂತ್ರಮಗ್ಗ ಬಂತು. ಮುಂದೆ ಅದು ಮಗ್ಗಗಳದೇ ಪೇಟೆಯಾಯಿತು. ಅದೇ ಜಿಲ್ಲೆಯ ಗಡಹಿಂಗ್ಲಜದ ಕಡೆ, ನಮ್ಮಂತೆಯೇ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಬೇರೆ ಭಾಷೆ ಎಂದು ಬಾಳುವ ಕುಟುಂಬಗಳಿವೆ. ಇಚಲಕರಂಜಿಯ ಹಳೆಯ ಮಗ್ಗದಲ್ಲಿ ಹೊಕ್ಕುನೂಲನ್ನು ಒಯ್ಯುವುದು ಲಾಳಿ. ಹೊಸ ಏರ್‌ಜೆಟ್ ಮಗ್ಗದಲ್ಲಿ ಲಾಳಿಯೇ ಇಲ್ಲ. ಒತ್ತಿದ ಗಾಳಿ ನೂಲನ್ನು ಊದಿ ದಾಟಿಸುತ್ತದೆ. ಅದೂ ಒಂದು ಪೆಟ್ಲೇ ಎನ್ನಿ. 190 ಸೆಂಟಿಮೀಟರ್ ಅಗಲದ ಮಗ್ಗ ಮಿನಿಟಿಗೆ 600 ಎಳೆ ಹಾಕುವುದಾದರೆ ಒಂದು ಎಳೆಗೆ ಸಿಗುವುದು ಸೆಕೆಂಡಿನ ಹತ್ತನೇ ಒಂದು ಪಾಲು. ಅದರಲ್ಲೂ ಅರ್ಧದಷ್ಟು ಮಾತ್ರ ನೂಲಿನ ಪಯಣಕ್ಕೆ ಎಂದಿಟ್ಟುಕೊಂಡರೆ, ನೂಲು ಸೆಕೆಂಡಿಗೆ 38 ಮೀಟರ್ ಓಡಬೇಕು. ಒತ್ತಡ ಕಡಿಮೆಯಾದರೆ ಎಳೆ ಆಚೆ ದಡ ಮುಟ್ಟದೆ ಬಟ್ಟೆ ಕೆಡುತ್ತದೆ. ಹೆಚ್ಚಾದರೆ ನೂಲು ಹರಿಯುತ್ತದೆ, ಗಾಳಿ ಒತ್ತುವ ಯಂತ್ರದ ವಿದ್ಯುತ್ ಬಿಲ್ಲೂ ಏರುತ್ತದೆ. ಗಣಕಯಂತ್ರ ಏನೇ ಹೇಳಲಿ, ಎಳೆ ತಲುಪಿತೇ ಇಲ್ಲವೇ ಎಂದು ಆಚೆ ತುದಿಯಲ್ಲಿ ಕಾದು ನೋಡುವ ಸಾಧನ ಹೇಳಿದ್ದೇ ಅಲ್ಲಿ ಕೊನೆಯ ಮಾತು.

ಇಲ್ಲಿ ಒಂದು ಮೋಸಕ್ಕೆ ಎಡೆಯಿದೆ. ಲೆಕ್ಕ ಅಳತೆಗೆ ಹೊಂದದಿದ್ದಾಗ ತಿಕ್ಕಾಟದ ಅಂಕಿಯನ್ನು ಅಷ್ಟಿಷ್ಟು ಬದಲಿಸಿ ಹೊಂದಿಸಬಹುದು. ಉತ್ತರ ನೋಡಿ ಬರೆದ ಪರೀಕ್ಷೆ ಅದು. 20 ಸೆಂಟಿಮೀಟರಿನ ಪೆಟ್ಲಿನಿಂದ ತಿಕ್ಕಾಟದ ಅಂಕಿ ಪಡೆದ ಮೇಲೆ ಅದನ್ನು ಮುಟ್ಟದೆ, 30 ಸೆಂಟಿಮೀಟರಿನ ಪೆಟ್ಲಿಗೆ ಮೊದಲೇ ಉತ್ತರ ಬರೆದಿಟ್ಟು, ಬಳಿಕ ಹಾರಿಸಬೇಕು. ಒಂದೇ ಸಲ ಸಾಲದು. ಹತ್ತು ಸಲ ಹಾರಿಸಿ ಸರಾಸರಿಯೊಂದಿಗೆ ಅತಿ ಹತ್ತಿರ, ಅತಿ ದೂರ ಬಿದ್ದುದನ್ನೂ ಗುರುತಿಸಬೇಕು. ಕಾಯಿ ಒಂದೇ ಗಾತ್ರದ್ದಿರಲಿ, ಅಂದೇ ಕೊಯ್ದದ್ದಿರಲಿ. ಬಾಡಿದ ಕಾಯಿ ಸಡಿಲಾಗಿ ಗಾಳಿ ಸೋರುತ್ತದೆ. ಮಕ್ಕಳೆಲ್ಲ ಹಾರಿಸುವವನ ಹಿಂದೆ ನಿಲ್ಲಲಿ, ಎದುರಿನ ಗೋಡೆಗೆ ಹಳೆಯ ಗೋಣಿಯೊಂದನ್ನು ಇಳಿಬಿಟ್ಟರೆ ಕಾಯಿ ಪುಟಿದು ಬರುವುದಿಲ್ಲ.