ಪ್ರಾರ್ಥನೆಯ ಲೆಕ್ಕ

ಸಂತಾನಕ್ಕಾಗಿ ದೇವರಲ್ಲಿ ಮೊರೆಯಿಡುವುದನ್ನು ನಾನು ಎಂದೂ ಹಾಸ್ಯಮಾಡಿದವನಲ್ಲ. ನನ್ನ ಸೋದರತ್ತೆ ಹನ್ನೆರಡು ವರ್ಷ ಅಶ್ವತ್ಥಕಟ್ಟೆಯನ್ನು ಸುತ್ತಿದವರು. ಆದರೆ ಆ ಪ್ರದಕ್ಷಿಣೆಗಳ ಫಲವನ್ನು ಯಾರೂ ಶೇಕಡಾವಾರು ಎಣಿಸಿ ವೈದ್ಯಪತ್ರಿಕೆಯಲ್ಲಿ ಅಚ್ಚುಹಾಕಿಸಲಿಲ್ಲ. ಹಾಗೆ ಎಣಿಸಹೊರಟವರ ಕಥೆಯೊಂದನ್ನು ಇಂದು ಓದುಗರ ಮುಂದಿಡುತ್ತಿದ್ದೇನೆ.

2001ರಲ್ಲಿ ಅಮೆರಿಕದ ‘ಜರ್ನಲ್ ಆಫ್ ರಿಪ್ರೊಡಕ್ಟಿವ್ ಮೆಡಿಸಿನ್’ ಎಂಬ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟವಾಯಿತು. ದೇಹದ ಹೊರಗೆ ಭ್ರೂಣವನ್ನು ರೂಪಿಸಿ ಗರ್ಭಕೋಶದಲ್ಲಿರಿಸುವ ಚಿಕಿತ್ಸೆಗೆಂದು ದಕ್ಷಿಣ ಕೊರಿಯದ ಸಿಯೋಲ್ ನಗರದ ಆಸ್ಪತ್ರೆಗೆ ಬಂದಿದ್ದ ಸ್ತ್ರೀಯರನ್ನು ಎರಡು ಪಂಗಡ ಮಾಡಿ, ಒಂದು ಪಂಗಡದವರ ಭಾವಚಿತ್ರಗಳನ್ನು ಅಮೆರಿಕ, ಕೆನಡ, ಆಸ್ಟ್ರೇಲಿಯಗಳ ಪ್ರಾರ್ಥನಾಮಂಡಲಿಗಳಿಗೆ ಕಳುಹಿಸಲಾಯಿತಂತೆ. ಒಂದು ಮಂಡಲಿಯವರು ಆ ಸ್ತ್ರೀಯರ ಗರ್ಭಧಾರಣೆಗಾಗಿ ಬೇಡಬೇಕು. ಎರಡನೆಯವರು ಮೊದಲಿನವರ ಬೇಡಿಕೆ ಫಲಿಸಲೆಂದು ಬೇಡಬೇಕು. ಮೂರನೆಯವರು ಆ ಇಬ್ಬರಿಗಾಗಿ ಬೇಡಬೇಕು. (ದೇವರ ಬಳಿಗೂ ಶಿಫಾರಸು ಬೇಕಾಯಿತಲ್ಲಾ ಎಂದು ನನಗೆ ನಗು ಬಂದುದನ್ನು ಓದುಗರು ಕ್ಷಮಿಸಬೇಕು.) 199 ಮಂದಿಯ ಲೆಕ್ಕ ಕೊಟ್ಟಿದ್ದರು. ಪ್ರಾರ್ಥನೆಗೆ ಪಾತ್ರರಾದವರಲ್ಲಿ ಶೇಕಡಾ 50 ಮಂದಿ ಗರ್ಭ ಧರಿಸಿದರು. ಉಳಿದವರಲ್ಲಿ ಶೇಕಡಾ 26 ಮಾತ್ರ.

ಹೆಚ್ಚುಕಡಮೆ ಇಮ್ಮಡಿ! ಇಷ್ಟು ಗುಣ ತೋರುವ ಔಷಧ ಆ ಚಿಕಿತ್ಸೆಯಲ್ಲಿ ಇನ್ನಾವುದಿದ್ದೀತು? ಪ್ರಬಂಧದ ಮೇಲೆ ಮೂವರ ಹೆಸರಿತ್ತು: ಕ್ವಾಂಗ್ ಚಾ, ಡೇನಿಯಲ್ ವರ್ತ್, ರೊಜೇರಿಯೊ ಲೋಬೊ. ಲೋಬೊ ಆಗ ಕೊಲಂಬಿಯ ವಿಶ್ವವಿದ್ಯಾಲಯದ ಸ್ತ್ರೀರೋಗ ಮತ್ತು ಪ್ರಸೂತಿ ವಿಭಾಗದ ಮುಖ್ಯಸ್ಥರು. ಲೋಕ ನಂಬಿದ್ದು ಬಹುಮಟ್ಟಿಗೆ ಆ ಹೆಸರನ್ನು.

ಅಮೆರಿಕ ಸರ್ಕಾರದ ಆರೋಗ್ಯ ಇಲಾಖೆ ವಿಚಾರಣೆಗೆ ತೊಡಗಿದಾಗ ವಿಶ್ವವಿದ್ಯಾಲಯ ಕೊಟ್ಟ ಉತ್ತರವೇ ಬೇರೆ. ಕೆಲಸ ಮುಗಿದು ಆರರಿಂದ ಹನ್ನೆರಡು ತಿಂಗಳಾದ ಮೇಲಷ್ಟೇ ಲೋಬೊ ಅವರಿಗೆ ಅದರ ಸುದ್ದಿ ತಿಳಿದದ್ದಂತೆ. ಬರವಣಿಗೆಯನ್ನು ತಿದ್ದಿಕೊಟ್ಟದ್ದಷ್ಟೇ ಅವರ ಪಾಲಂತೆ! 2004ರಲ್ಲಿ ಅವರು ತಮ್ಮ ಹೆಸರನ್ನು ಹಿಂತೆಗೆದುಕೊಂಡರು. ವೈದ್ಯರೇ ಅಲ್ಲದ ವರ್ತ್ ಅದೇ ವರ್ಷ ಹಣಕಾಸಿನ ವಂಚನೆಯ ಮೊಕದ್ದಮೆಯೊಂದರಲ್ಲಿ ತಪ್ಪೊಪ್ಪಿಕೊಂಡು ಐದು ವರ್ಷದ ಸೆರೆವಾಸಕ್ಕೆ ಗುರಿಯಾದರು. ಆ ವಂಚನೆಗೂ ಈ ಪ್ರಬಂಧಕ್ಕೂ ಸಂಬಂಧವಿರಲಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಕ್ಯಾಲಿಫೋರ್ನಿಯದ ವೈದ್ಯ ಬ್ರೂಸ್ ಫ್ಲಾಮ್ ಮಾತ್ರ ಬಿಡದೆ ವರ್ಷಗಟ್ಟಲೆ ಪತ್ರಿಕೆಯನ್ನು ಪ್ರಶ್ನಿಸುತ್ತಲೇ ಬಂದರು.

ಇವೆಲ್ಲ ದೊಡ್ಡವರ ವಿಚಾರ. ನನ್ನ ಮನಸ್ಸನ್ನು ಕಲಕಿದ್ದು ಬೇರೊಂದು. ತಮ್ಮ ಮೇಲೆ ಪ್ರಯೋಗ ನಡೆದಿದೆಯೆಂಬುದೇ ಆ ಸ್ತ್ರೀಯರಿಗೆ ಗೊತ್ತಿರಲಿಲ್ಲ. ಅವರಿಗೆ ತಿಳಿಸಿರಲಿಲ್ಲವೆಂದು ಪ್ರಬಂಧವೇ ಹೇಳಿಕೊಂಡಿತ್ತು. ಬಂಜೆತನದ ನೋವನ್ನು ಹೊತ್ತು ಬಂದವಳ ಭಾವಚಿತ್ರ ಅವಳರಿಯದೆ ಸಮುದ್ರ ದಾಟಿತು. ಅವಳ ಗರ್ಭ ನಿಂತಿತೋ ಇಲ್ಲವೋ ಎಂಬುದು ಯಾರದೋ ಪಟ್ಟಿಯಲ್ಲಿ ಒಂದು ಅಂಕಿಯಾಯಿತು. ಆ ಅಂಕಿಯನ್ನು ನಂಬಿ ಓದಿದ ಮಕ್ಕಳಿಲ್ಲದವಳೊಬ್ಬಳು, ಕೊರತೆಯಾದದ್ದು ತನ್ನ ಪ್ರಾರ್ಥನೆಯಲ್ಲೇ ಎಂದುಕೊಂಡಿರಲಾರಳೆ?

ನನ್ನ ಸೋದರತ್ತೆಗೆ ಮಕ್ಕಳಾಗಲಿಲ್ಲ. ಯಾವುದೋ ಒಂದು ಶನಿವಾರ ಜ್ವರ ಬಂದು ಪ್ರದಕ್ಷಿಣೆ ತಪ್ಪಿತ್ತೆಂದು ಅವರು ಕಡೆಯವರೆಗೂ ಹೇಳಿಕೊಳ್ಳುತ್ತಿದ್ದರು.